ಕೂಗದ ಕಾಲು

ನನ್ನ ಮಗಳು ಅವಸರ ಮಾಡಿ ಗಂಡನನ್ನು ಜೀಪಿಗೆ ಹಾಕಿಕೊಂಡು ಹೊರಟಳು, ದಾರಿಯ ಕುಲುಕಾಟಕ್ಕೆ ಅವನ ಬೆನ್ನು ಕೆಟ್ಟು ಎರಡೂ ಕಾಲು ಹೋದವು ಎಂಬ ಮಾತು ನಮ್ಮ ಕಡೆ ಇನ್ನೂ ಓಡಾಡುತ್ತಿದೆ. ಹೋದ ವರ್ಷ ಪರಶುರಾಂಪುರದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ನನ್ನ ಹಿಂದಿನ ಪಂಕ್ತಿಯಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಅದನ್ನೇ ಹೇಳುತ್ತಿದ್ದಳು. ಹೇಳುವವಳಿಗೆ ನನ್ನ ಮಗಳ ಮುಖ ಕೂಡ ಗೊತ್ತಿರಲಿಕ್ಕಿಲ್ಲ. ನಾನು ತಿರುಗಿ ನೋಡಲಿಲ್ಲ. ಎಲೆಯ ಮೇಲಿನ ಅನ್ನ ಕಲಸುತ್ತಾ ಕೂತೆ.

ಆ ಮಾತು ಸುಳ್ಳು. ಅದನ್ನು ಹುಟ್ಟಿಸಿದವನು ನಾನು. ಮನೆಯೊಳಗೆ ಹೇಳಬೇಕಾದವರಿಗೆ, ತೀರ ತಡವಾಗಿ, ಹೇಳಿದ್ದೇನೆ. ಆದರೆ ಮನೆಯೊಳಗಿನ ಮಾತು ಮದುವೆ ಪಂಕ್ತಿಯವರೆಗೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಎಲುಬು ಕಟ್ಟುವ ಮನೆತನ. ಊರು ಜಟಿಂಗ ರಾಮೇಶ್ವರ ಬೆಟ್ಟದ ಕೆಳಗೆ, ಸಿದ್ದಾಪುರಕ್ಕೆ ಹತ್ತಿರದ ಒಂದು ಹಳ್ಳಿ. ಬಂಡೆಗಳ ಸಂದಿಯಲ್ಲಿ ಕುರಿ ಮೇಯಿಸುವ ಊರಿನಲ್ಲಿ ಕುರಿಯ ಕಾಲು ಮುರಿಯುವುದು ಹೊಸದಲ್ಲ. ತಾತ ಕುರಿಗಳಿಗೆ ಕಟ್ಟುತ್ತಿದ್ದ. ಅಪ್ಪ ಕುರಿಗೂ ಕಟ್ಟಿದ, ಕುರಿ ಕಾಯುವವರಿಗೂ ಕಟ್ಟಿದ. ನಾನು ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಬೇರೆ ಕೆಲಸ ಸಿಗದೆ ಅದೇ ಜಗುಲಿಗೆ ಬಂದು ಕೂತೆ. ಆದರೆ ಕುರಿ ಮುಟ್ಟುವುದನ್ನು ಬಿಟ್ಟೆ. ಓದಿದವನು ಮನುಷ್ಯರಿಗೆ ಮಾತ್ರ ಕಟ್ಟುತ್ತಾನೆ ಎಂಬ ಜಂಬ. ಬಿದಿರಿನ ದಬ್ಬೆ, ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಹಳೆಯ ಪಂಚೆ ಹರಿದು ಮಾಡಿದ ಪಟ್ಟಿ, ಇಷ್ಟೇ ನಮ್ಮ ಸಾಮಾನು. ಚಳ್ಳಕೆರೆಯಿಂದ, ರಾಯದುರ್ಗದ ಕಡೆಯಿಂದ ಬಸ್ಸಿಳಿದು ಜನ ನಮ್ಮ ಮನೆ ಕೇಳಿಕೊಂಡು ಬರುತ್ತಿದ್ದರು. ಯಾರಾದರೂ ಕೈಯನ್ನು ಎದೆಗೆ ಒತ್ತಿಕೊಂಡು ಬೀದಿಗೆ ಬಂದರೆ ಊರ ನಾಯಿ ಕೂಡ ಬೊಗಳದೆ ನಮ್ಮ ಮನೆಯ ಕಡೆ ದಾರಿ ತೋರಿಸುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಅಪ್ಪ ಕಲಿಸಿದ ವಿದ್ಯೆಯಲ್ಲಿ ಕೈಗಿಂತ ಕಣ್ಣಿನ ಕೆಲಸ ಹೆಚ್ಚು. ಮುರಿದ ಕಾಲನ್ನು ಎಳೆದು ಕೂಡಿಸುವಾಗ ಕಾಲನ್ನು ನೋಡಬಾರದು, ಮುಖವನ್ನು ನೋಡಬೇಕು. ಎಲುಬಿನ ತುದಿಗಳು ಒಂದಕ್ಕೊಂದು ಉಜ್ಜುವಾಗ ಹುಬ್ಬು ಗಂಟಾಗುತ್ತದೆ, ತುಟಿ ಒಣಗುತ್ತದೆ, ಕೂಗು ಬರುತ್ತದೆ. ಎಲುಬು ತನ್ನ ಜಾಗಕ್ಕೆ ಬಂದು ಕೂತ ಗಳಿಗೆಗೆ ಮುಖ ಸಡಿಲಾಗುತ್ತದೆ. ಆಗ ಕೈ ನಿಲ್ಲಿಸಿ ದಬ್ಬೆ ಇಡಬೇಕು. ನಮಗೆ ಆಗ ಎಕ್ಸರೇ ಅಂದರೆ ಅದೇ. ಕೂಗುವವರನ್ನು ನಾನು ಗದರಿಸಿದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು.

"ಕೂಗ್ಲಿ ಬಿಡಲೇ. ಕೂಗೋನ್ಗೆ ಭಯ ಇಲ್ಲ. ಕೂಗ್ದೇ ಇರೋನ್ನ ಮಾತ್ರ ಮುಟ್ಟಬ್ಯಾಡ" ಅನ್ನುತ್ತಿದ್ದ.

ಒಮ್ಮೆ ಬಂಡೆಯ ಮೇಲಿಂದ ಬಿದ್ದ ಕುರಿಗಾಹಿಯೊಬ್ಬನನ್ನು ನಮ್ಮಲ್ಲಿಗೆ ತಂದಿದ್ದರು. ಮೊಣಕಾಲ ಕೆಳಗೆ ಎಲುಬು ಹೊರಗೆ ಕಾಣುತ್ತಿತ್ತು. ಅವನು ನೆಂಟರ ಮನೆಗೆ ಬಂದವನ ಹಾಗೆ ಸುಮ್ಮನೆ ಮಲಗಿದ್ದ. ಅಪ್ಪ ಅವನ ಅಂಗಾಲನ್ನು ಒಂದು ಸಲ ಹಿಂಡಿ, ಮುಖ ನೋಡಿ, ಎದ್ದುಬಿಟ್ಟ. ಗಾಡಿಯ ಮೇಲೆ ಬಾಗಿಲ ಹಲಗೆ ಹಾಸಿಸಿ, ಅವನನ್ನು ಅಲುಗಾಡದ ಹಾಗೆ ಮಲಗಿಸಿ ಆಸ್ಪತ್ರೆಗೆ ಕಳಿಸಿದ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ವಿಜ್ಞಾನದ ಪರೀಕ್ಷೆಯಲ್ಲಿ ಬೆನ್ನುಹುರಿಯ ಚಿತ್ರ ಬರೆದು ಭಾಗಗಳ ಹೆಸರು ಬರೆದಿದ್ದವನು. ಹೀಗಾಗಿ ಅಪ್ಪ ಮಾಡಿದ್ದರ ಅರ್ಥ ಅಪ್ಪನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ನನ್ನ ಒಬ್ಬಳೇ ಮಗಳನ್ನು ಅಕ್ಕನ ಮಗನಿಗೆ ಕೊಟ್ಟಿದ್ದೆ. ಅಕ್ಕ ಪರಶುರಾಂಪುರದವಳು. ಗಂಡ ಹೋದ ಮೇಲೆ ಕುರಿ ಸಾಕಿಕೊಂಡು, ಯಾರ ಮುಂದೆಯೂ ಬಗ್ಗದೆ, ಒಬ್ಬನೇ ಮಗನನ್ನು ಬೆಳೆಸಿದವಳು. ಅಳಿಯ ಹುಣಸೆ ಮರಗಳನ್ನು ಗುತ್ತಿಗೆ ಹಿಡಿದು, ಕಾಯಿ ಬಡಿಸಿ, ಚಳ್ಳಕೆರೆಯ ಮಂಡಿಗೆ ಹಾಕುತ್ತಿದ್ದ. ತೊಂಬತ್ತರ ದಶಕದ ಮಾತು. ಆ ವರ್ಷ ನಮ್ಮೂರ ಸುತ್ತಿನ ಮರಗಳನ್ನು ಹಿಡಿದಿದ್ದರಿಂದ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಗು ಕೇಳಿದ್ದು ಆಗಲೇ. ನಗಿಸುವುದರಲ್ಲಿ ಅವನು ನಿಸ್ಸೀಮ. ಹೆಂಡತಿ ಏನಾದರೂ ಅಂದರೆ, "ಮಾವ, ನಿನ್ನ ಮಗಳ ನಾಲಿಗೆಗೂ ಒಂದು ದಬ್ಬೆ ಕಟ್ಟು" ಅನ್ನುತ್ತಿದ್ದ. ಅವಳು ಸೌಟು ಹಿಡಿದು ಹೊರಗೆ ಬರುತ್ತಿದ್ದಳು.

ಹುಣಸೆ ಕೊಂಬೆ ಮುರಿಯುವುದಿಲ್ಲ. ಒಂದು ದಿನ ಮರ ಹತ್ತಿದ್ದ ಅವನ ಕಾಲು ಜಾರಿತ್ತು. ಕೆಳಗೆ ಬಂಡೆ. ಜೊತೆಯಲ್ಲಿದ್ದವರು, ನಮ್ಮ ಕಡೆ ಏಳಲಾರದ ಕುರಿಯನ್ನು ಹೊರುವ ಹಾಗೆಯೇ, ಅವನನ್ನು ಕಂಬಳಿಯಲ್ಲಿ ಹಾಕಿ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಮ್ಮ ಮನೆಗೆ ತಂದರು. ಕಂಬಳಿಯಲ್ಲಿ ಅವನು ಬಿಲ್ಲಿನ ಹಾಗೆ ಬಗ್ಗಿದ್ದ. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಅವರನ್ನು ಯಾರೂ ಕೇಳುವ ಹಾಗಿರಲಿಲ್ಲ. ಎಲುಬು ಕಟ್ಟುವ ಮಾವನಿರುವಾಗ ಅಳಿಯನನ್ನು ಬೇರೆ ಕಡೆ ಒಯ್ದರೆ ಊರು ನಗುತ್ತಿತ್ತು. ಅವನೇ ದಾರಿಯುದ್ದಕ್ಕೂ ಮಾವನ ಹತ್ತಿರ ಹೋಗೋಣ ಅನ್ನುತ್ತಿದ್ದನಂತೆ.

ತಲೆಯಿಂದ ರಕ್ತ ಇಳಿದು ಕಿವಿಯ ಹಿಂದೆ ಹೆಪ್ಪುಗಟ್ಟಿತ್ತು. ಎಡಗೈ ಮೊಣಕೈಯ ಕೆಳಗೆ ಮುರಿದಿತ್ತು. ಬಲತೊಡೆ ಇರಬಾರದ ಜಾಗದಲ್ಲಿ ಬಗ್ಗಿ ಕುಂಬಳಕಾಯಿಯ ಹಾಗೆ ಊದಿತ್ತು. ನೋಡಿದವರೆಲ್ಲ ತೊಡೆಯನ್ನೇ ನೋಡಿದರು. ನಾನೂ ತೊಡೆಯನ್ನೇ ನೋಡಿದೆ. ನಮ್ಮಲ್ಲಿ ಕಟ್ಟಿಸಿಕೊಳ್ಳುವವರನ್ನು ಕಂಬಕ್ಕೆ ಒರಗಿಸಿ ಕೂರಿಸುವ ಪದ್ಧತಿ. ಒಬ್ಬ ಹಿಂದಿನಿಂದ ಕಂಕುಳಲ್ಲಿ ಕೈ ಹಾಕಿ ಹಿಡಿದುಕೊಳ್ಳುತ್ತಾನೆ, ಕಟ್ಟುವವನು ಮುಂದಿನಿಂದ ಕಾಲು ಎಳೆಯುತ್ತಾನೆ. ಹಾಗೆಯೇ ಅವನನ್ನು ಎತ್ತಿ ಕೂರಿಸಿದರು. ಹಾಗೆಯೇ ಒಬ್ಬ ಹಿಡಿದುಕೊಂಡ. ಮಗಳು ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ನಾನು ಅವನ ಮುಖವನ್ನು ನೋಡುತ್ತಾ ಕಾಲನ್ನು ಎಳೆದೆ.

ತೊಡೆ ಎಲುಬು ಎಳೆದರೆ ಪೈಲ್ವಾನನೂ ಅವ್ವನನ್ನು ಕರೆಯುತ್ತಾನೆ. ಇವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನನ್ನನ್ನೇ ನೋಡುತ್ತಿದ್ದವನು ಕೇಳಿದ, "ಏನ್ ಮಾವ, ಇನ್ನೂ ಎಳೀಲಿಲ್ವಾ?"

ಸುತ್ತ ನಿಂತವರು ನಕ್ಕುಬಿಟ್ಟರು. ಭಯದಲ್ಲಿದ್ದ ಜನಕ್ಕೆ ಆ ನಗು ಬೇಕಾಗಿತ್ತು. ತನ್ನ ಮಣಿಕಟ್ಟು ತೋರಿಸಲು ಬಂದು ಕಾದಿದ್ದ ಆಂಧ್ರದ ಕಡೆಯ ನೇಕಾರನೊಬ್ಬ ತೆಲುಗಿನಲ್ಲಿ "ಮಂಚಿ ಹಸ್ತವಾಸಿ" ಅಂದ. ಒಳ್ಳೆಯ ಕೈಗುಣ ಎಂದು ಅರ್ಥ. ಇನ್ನೊಬ್ಬರು ಅಪ್ಪನನ್ನೂ ಮೀರಿಸಿಬಿಟ್ಟೆ ಅಂದರು. ಅಪ್ಪನ ಹೆಸರು ಕೇಳಿ ನನಗೆ ಹಿತವಾಯಿತು. ಆ ಹಿತವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು.

ಅವನು ಮತ್ತೆ ಕೇಳಿದ, ಅದೇ ಮಾತು, ಅದೇ ದನಿ. ಇನ್ನೂ ಎಳೀಲಿಲ್ವಾ ಮಾವ? ಜನ ಮತ್ತೆ ನಕ್ಕರು. ಇನ್ನೊಮ್ಮೆ ಕೇಳಿದಾಗ ನಗುವವರು ಕಡಿಮೆಯಾಗಿದ್ದರು. ತಲೆಗೆ ಬಿದ್ದ ಏಟಿನಿಂದ ಅವನಿಗೆ ತಾನು ಆಡಿದ ಮಾತೇ ನೆನಪಿರುತ್ತಿರಲಿಲ್ಲ.

ಆಮೇಲೆ ಎಡಗೈ ಮುಟ್ಟಿದೆ. ಮುಟ್ಟಿದೆ ಅಷ್ಟೇ, ಎಳೆದಿರಲಿಲ್ಲ. ಅವನು ಕೂಗಿದ ಕೂಗಿಗೆ ಮಾಡಿನ ಮೇಲಿದ್ದ ಕಾಗೆಗಳು ಎದ್ದವು. ಮುಖ ಹಿಂಡಿಹೋಯಿತು. ನನ್ನ ಕಣ್ಣು ಆ ಮುಖದ ಮೇಲೇ ಇತ್ತು. ಕೈಗೆ ಹೀಗೆ ಕೂಗುವವನು ತೊಡೆಗೆ ಯಾಕೆ ಕೂಗಲಿಲ್ಲ? ನನಗೆ ಆ ಗಳಿಗೆಯಲ್ಲೇ ತಿಳಿಯಿತು. ಅಪ್ಪ ಎದ್ದುಹೋದ ಹಾಗೆ ನಾನೂ ಏಳಬೇಕಾಗಿತ್ತು. ಆದರೆ ಆಗತಾನೇ ಅಪ್ಪನನ್ನು ಮೀರಿಸಿದವನು ಜನರ ಮುಂದೆ ಹೇಗೆ ಏಳುವುದು? ಕೈ ಕಟ್ಟಿದೆ. ತೊಡೆಯಿಂದ ಹಿಮ್ಮಡಿಯವರೆಗೆ ಕಾಲನ್ನೂ ಕಟ್ಟಿದೆ. ಅವನು ಬಿಗಿಯಾಯಿತು ಎಂದು ಒಮ್ಮೆಯೂ ಹೇಳಲಿಲ್ಲವಾದ್ದರಿಂದ ಚೆನ್ನಾಗಿ ಬಿಗಿದು ಕಟ್ಟಿದೆ.

ಜನ ಹೋದ ಮೇಲೆ ಮಗಳು ಅವನ ಕಾಲಿನ ರಕ್ತ ಒರೆಸಲು ಬಿಸಿನೀರು ತಂದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಅಪ್ಪಾ, ನೀರು ಬಿಸಿ ಐತಾ ಅಂದ್ರೆ ಯಾವ ನೀರು ಅಂತ ಕೇಳ್ತಾನೆ" ಅಂದಳು. ಅವಳ ಕೈ ನೀರಿನ ಬಿಸಿಗೆ ಕೆಂಪಾಗಿತ್ತು. ನಾನು ಅವಳನ್ನು ಗದರಿಸಿದೆ. ಕಟ್ಟು ಹಾಕಿದ ಕಾಲು ಹಾಗೇ ಮರಗಟ್ಟಿರುತ್ತದೆ, ನಿನಗೇನು ಗೊತ್ತು ಅಂದೆ. ಅವಳು ಕಟ್ಟು ಹಾಕದ ಎಡಗಾಲಿನ ಮಾತು ಹೇಳುತ್ತಿದ್ದಳು. ಅದು ನನಗೂ ಗೊತ್ತಿತ್ತು.

ಅವಳು ಅಡಿಗೆಮನೆಗೆ ಹೋದಾಗ ನಾನು ಒಳಗೆ ಹೋದೆ. ಅವನು ಅರೆನಿದ್ದೆಯಲ್ಲಿದ್ದ. ಉಳಿದಿದ್ದ ಒಂದು ದಬ್ಬೆಯ ಚೂಪಿನಿಂದ ಎಡ ಅಂಗಾಲನ್ನು ಚುಚ್ಚಿದೆ. ಮುಖ ನೋಡಿದೆ. ಇನ್ನೂ ಒತ್ತಿದೆ. ಒಂದು ಹನಿ ರಕ್ತ ಬಂತು. ಮುಖ ಹಾಗೇ ಇತ್ತು. ನಾನು ಹೊದಿಕೆಯನ್ನು ಪಾದದ ಮೇಲೆ ಎಳೆದು ಹೊರಗೆ ಬಂದೆ.

ಮಾರನೆಯ ದಿನವೆಲ್ಲ ಅವನು ಮೂತ್ರಕ್ಕೆ ಹೋಗಲಿಲ್ಲ. ಬೇಕು ಎಂದೂ ಹೇಳಲಿಲ್ಲ. ಕಿಬ್ಬೊಟ್ಟೆ ಗಡಿಗೆಯ ಹಾಗೆ ಗಟ್ಟಿಯಾಯಿತು. ಉಷ್ಣವಾಗಿದೆ, ಬಾರ್ಲಿ ನೀರು ಕೊಡು ಎಂದೆ. ಉಸಿರು ಸಣ್ಣದಾಗುತ್ತಾ ಬಂತು. ಮಗಳು ನನ್ನನ್ನು ಕೇಳುವುದನ್ನೇ ನಿಲ್ಲಿಸಿದಳು. ಅದರ ಮರುದಿನ ಬೆಳಿಗ್ಗೆ ಮನೆಯ ಮುಂದೆ ಜೀಪು ನಿಂತಿತು. ಅವಳೇ ಹೋಗಿ ಮಾತಾಡಿಕೊಂಡು ಬಂದಿದ್ದಳು. ಪರಶುರಾಂಪುರಕ್ಕೂ, ಚಳ್ಳಕೆರೆ ಆಸ್ಪತ್ರೆಗೆ ಬರಬೇಕೆಂದು ಅತ್ತೆಗೆ ಹೇಳಿ ಕಳಿಸಿದ್ದಳು. ಕಟ್ಟಿದ ಕಾಲನ್ನು ಅಲುಗಿಸಬಾರದು ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ನಾನು ಕರ್ಕೊಂಡ್ ಹೋಗ್ತೀನಿ. ನೀನು ಬಂದ್ರೂ ಸರಿ, ಬಿಟ್ರೂ ಸರಿ. ದಾರಿ ಬಿಡಪ್ಪ" ಅಂದಳು.

ಹಲಗೆ ಹಾಸಿ ಮಲಗಿಸು ಎಂದು ನಾನು ಹೇಳಬಹುದಿತ್ತು. ಹೇಳಿದರೆ ಬೆನ್ನಿನ ಸಂಗತಿ ನನಗೆ ಗೊತ್ತಿತ್ತು ಎಂದು ಒಪ್ಪಿದ ಹಾಗೆ. ಹೇಳಲಿಲ್ಲ. ಹಾಸಿಗೆ ಸುತ್ತಿ, ಸೀಟಿನ ಮೇಲೆ ಅವನನ್ನು ಮಲಗಿಸಿದೆವು. ಮೊಳಕಾಲ್ಮೂರಿನಲ್ಲಿ ನೋಡಿದವರು ತಡಮಾಡದೆ ಮುಂದೆ ಹೋಗಿ ಅಂದರು. ಚಳ್ಳಕೆರೆಯವರೆಗೂ ಮಗಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ರಸ್ತೆ ಕೆಟ್ಟಿತ್ತು, ಜೀಪು ಕುಲುಕಿದ್ದೂ ನಿಜ. ನಾನು ಮುಂದೆ ಡ್ರೈವರನ ಪಕ್ಕ ಕೂತಿದ್ದೆ.

ಚಳ್ಳಕೆರೆಯ ಡಾಕ್ಟರು ವಯಸ್ಸಾದವರು. ಜೀಪಿನಿಂದ ಇಳಿಸುವ ಮೊದಲೇ ಎಲ್ಲರನ್ನೂ ತಡೆದರು. ಹಲಗೆ ತರಿಸಿ, ಕತ್ತಿನ ಎರಡೂ ಕಡೆ ಮಡಿಸಿದ ಬಟ್ಟೆ ಇರಿಸಿ, ಒಬ್ಬರ ಮಾತಿಗೆ ನಾಲ್ವರು ಒಟ್ಟಿಗೆ ಕೈ ಹಾಕಿ, ಮರದ ತೊಲೆ ಉರುಳಿಸುವ ಹಾಗೆ ಮೈಯನ್ನು ಒಂದೇ ತುಂಡಾಗಿ ಹೊರಳಿಸಿ ಹಲಗೆಗೆ ತಂದರು. ಮೊದಲು ಉಸಿರು ನೋಡಿದರು, ಆಮೇಲೆ ರಕ್ತ ಎಷ್ಟು ಹೋಗಿದೆ ಎಂದು. ಅದನ್ನೆಲ್ಲ ನೋಡುವಾಗಲೂ ಬೆನ್ನು ಅಲುಗದ ಹಾಗೆ ಹಿಡಿದುಕೊಳ್ಳಲು ಒಬ್ಬನನ್ನು ನಿಲ್ಲಿಸಿದ್ದರು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ತಾಗಿತ್ತಂತೆ. ಅವನ ಎದೆಯ ಕಡೆ ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ನಳಿಕೆ ಹಾಕಿ ಮೂತ್ರ ತೆಗೆದಾಗ ಬಾಟಲಿ ಬದಲಿಸಬೇಕಾಯಿತು. ನನ್ನ ಕಟ್ಟನ್ನು ಕತ್ತರಿಸಿದರು. ಹಿಮ್ಮಡಿ ಕಪ್ಪಾಗಿತ್ತು.

"ರಕ್ತ ಬರೋ ಗಾಯ ಎಲ್ರಿಗೂ ಕಾಣುತ್ತೆ" ಅಂದರು ಡಾಕ್ಟರು, ಯಾರನ್ನೂ ಬೈಯದ ದನಿಯಲ್ಲಿ. "ಎತ್ತರದಿಂದ ಬಿದ್ದವನಿಗೆ ಬೆನ್ನು ಮುರಿದಿಲ್ಲ ಅಂತ ಖಾತ್ರಿ ಆಗೋವರೆಗೂ ಮುರಿದಿದೆ ಅಂತಲೇ ತಿಳ್ಕೋಬೇಕು."

ಆಮೇಲೆ ಕೇಳಿದರು: ಕಾಲು ಆಡಿಸುವುದು ಯಾವಾಗಿನಿಂದ ನಿಂತಿದೆ? ಬಿದ್ದ ತಕ್ಷಣವೋ, ಆಮೇಲೋ? ಸರಿಯಾಗಿ ಹೇಳಿ, ಮುಂದಿನ ಆಸ್ಪತ್ರೆಯವರಿಗೆ ನಾನು ಬರೆದು ಕಳಿಸಬೇಕು.

ಅಷ್ಟರಲ್ಲಿ ಅಕ್ಕ ಬಂದಿದ್ದಳು. ಮಗನ ಹಲಗೆಯ ತುದಿ ಹಿಡಿದು ನಿಂತಿದ್ದಳು. ಜೀಪಿನವನಿದ್ದ. ಮಗಳಿದ್ದಳು. ಡಾಕ್ಟರು ನನ್ನ ಕಡೆ ನೋಡುತ್ತಿದ್ದರು, ಯಾಕೆಂದರೆ ಕಟ್ಟಿದವನು ನಾನು ಎಂದು ಆಗಲೇ ತಿಳಿದಿತ್ತು.

"ಇವತ್ತು ಬೆಳಿಗ್ಗೆವರೆಗೂ ಆಡಿಸ್ತಿದ್ದ ಸಾರ್" ಅಂದೆ.

ಮಗಳು ಬಾಯಿ ತೆರೆದಳು. ನಾನು ಅವಳ ಕಡೆ ನೋಡಿದೆ. ಹೇಗೆ ನೋಡಿದೆನೋ ನನಗೆ ಗೊತ್ತಿಲ್ಲ, ಅವಳಿಗೆ ಗೊತ್ತು. ಬಾಯಿ ಮುಚ್ಚಿಕೊಂಡಳು. ಡಾಕ್ಟರು ಕಪ್ಪಾದ ಹಿಮ್ಮಡಿಯನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಬೆಳಿಗ್ಗೆ ಆಡುತ್ತಿದ್ದದ್ದು ನಿಜವಾದರೆ ದಾರಿಯ ಕುಲುಕಾಟದಲ್ಲಿ ಆಗಿರಬೇಕು ಅಂದರು. ನಿಜವಾದರೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಅಕ್ಕನ ಕಿವಿಗೆ ಉಳಿದದ್ದು ಬಿತ್ತು. ಜೀಪು ತರಿಸಿದ್ದು ಯಾರು ಎಂದು ಕೇಳಿದಳು. ನಾನು ತರಿಸಿದೆ ಅತ್ತೆ, ಎಂದಳು ಮಗಳು.

ದೊಡ್ಡ ಆಸ್ಪತ್ರೆಯಲ್ಲಿ ಎದೆಗೆ ನಳಿಕೆ, ಬೆನ್ನಿಗೆ ರಾಡು, ತೊಡೆಗೆ ರಾಡು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಏನೂ ಬರಲಿಲ್ಲ. ಬಿದ್ದಾಗಲೇ ಹೋಗಿದ್ದನ್ನು ಯಾರಿಂದಲೂ ತರಲಾಗುತ್ತಿರಲಿಲ್ಲವೋ ಏನೋ. ಆದರೆ ಕಂಬಳಿಯಲ್ಲಿ ಬಗ್ಗಿ ಬಂದವನನ್ನು ಎತ್ತಿ ಕೂರಿಸಿ, ಕಂಕುಳಲ್ಲಿ ಹಿಡಿಸಿ, ನಾನು ಕಾಲು ಜಗ್ಗಿದಾಗ ಬೆನ್ನೊಳಗೆ ಉಳಿದಿದ್ದ ಯಾವ ಎಳೆ ಹರಿಯಿತು ಎಂದು ಹೇಳುವವರು ಯಾರು? ಅದನ್ನು ನಾನು ಯಾವ ಡಾಕ್ಟರನ್ನೂ ಕೇಳಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಅವನನ್ನು ನಮ್ಮ ಮನೆಗೇ ತಂದೆವು. ಅಕ್ಕ ಕುರಿ ಮಾರಿ ಬಂದು ನಮ್ಮಲ್ಲೇ ಉಳಿದಳು. ಮಲಗಿದಲ್ಲೇ ಇದ್ದರೆ ಚರ್ಮ ಕೊಳೆಯುತ್ತದೆ, ಮೇಲಿಂದ ಮೇಲೆ ಮಗ್ಗುಲು ಬದಲಿಸಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಮಗಳು ಸೊಂಟ ಹಿಡಿಯುತ್ತಿದ್ದಳು, ನಾನು ಭುಜ ಹಿಡಿಯುತ್ತಿದ್ದೆ. ಅವಳು "ಹ್ಞೂಂ" ಅಂದಾಗ ಇಬ್ಬರೂ ಒಟ್ಟಿಗೆ ಹೊರಳಿಸಬೇಕು. ಮೂತ್ರದ ನಳಿಕೆ ಹಾಕುವುದು, ಮಲ ತೆಗೆಯುವುದು, ಬೆನ್ನು ಸೊಂಟದ ಚರ್ಮ ಕೆಂಪಾಗಿದೆಯಾ ಎಂದು ದಿನಾ ನೋಡುವುದು, ಎಲ್ಲವನ್ನೂ ಅವಳು ಕಲಿತಳು. ಹೊಲಿಗೆಯಿರುವ ಬಟ್ಟೆಯನ್ನು ಅವನ ಕೆಳಗೆ ಹಾಸುತ್ತಿರಲಿಲ್ಲ. ಹೊಲಿಗೆಯ ಗೆರೆ ಒತ್ತಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲವಲ್ಲ. ಎಲ್ಲ ಗಾಯಗಳೂ ಮಾದವು. ಹಿಮ್ಮಡಿಯದು ಮಾತ್ರ ವರ್ಷಗಟ್ಟಲೆ ಮಾಯುವುದು, ಮತ್ತೆ ಬಿರಿಯುವುದು. ಅದು ನನ್ನ ಕಟ್ಟಿನ ಗಾಯ. ಅದಕ್ಕೆ ಔಷಧಿ ಹಚ್ಚುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ಅಕ್ಕ ಕೆಟ್ಟವಳಲ್ಲ. ಆದರೆ ಮಗನ ಕಾಲುಗಳನ್ನು ನೋಡಿದಾಗಲೆಲ್ಲ ಅವಳಿಗೆ ಯಾರನ್ನಾದರೂ ಅನ್ನಬೇಕಾಗಿತ್ತು. ಸೊಸೆ ಬಸ್ಸಿಗೆ ಹೊರಟರೆ, "ಬಸ್ಸು ಯಾಕೆ, ಜೀಪು ತರಿಸ್ಕೋ ಮಹಾರಾಯ್ತಿ" ಅನ್ನುತ್ತಿದ್ದಳು. ಬಂದುಹೋಗುವ ನೆಂಟರಿಗೆಲ್ಲ ಜೀಪಿನ ಕಥೆ ಹೇಳುತ್ತಿದ್ದಳು. ಹಾಗೆ ಅದು ಊರೂರಿಗೆ ಹೋಯಿತು. ಮಗಳು ಒಂದು ದಿನವೂ ಎದುರಾಡಲಿಲ್ಲ. ನನ್ನ ಮರ್ಯಾದೆಯನ್ನು ಅವಳು ತುಂಬಿದ ನೀರಿನ ಕೊಡದ ಹಾಗೆ ಹೊತ್ತುಕೊಂಡಿದ್ದಳು, ನಾನು ಅವಳ ಹಿಂದೆ ಖಾಲಿ ಕೈ ಬೀಸಿಕೊಂಡು ನಡೆದೆ.

ಅಳಿಯನಿಗೆ ಬಿದ್ದ ದಿನಗಳ ನೆನಪು ಒಂದಿಷ್ಟೂ ಉಳಿದಿರಲಿಲ್ಲ. ತಾಯಿ ಹೇಳಿದ್ದನ್ನೇ ನಂಬಿದ್ದ. ಅದರಲ್ಲಿ ಇನ್ನೊಂದು ಕ್ರೌರ್ಯ ಸೇರಿತ್ತು. ಬಿದ್ದ ಮೇಲೂ ಕಾಲು ಒಂದಷ್ಟು ಕಾಲ ಬದುಕಿದ್ದವು, ಆದ್ದರಿಂದ ಮತ್ತೆ ಬಂದರೂ ಬಂದಾವು ಎಂದು ಎಷ್ಟೋ ವರ್ಷ ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ಸರಿಸಿ ಹೆಬ್ಬೆರಳನ್ನು ನೋಡುತ್ತಾ ಮಲಗಿರುತ್ತಿದ್ದ. ಆಮೇಲೆ ನೋಡುವುದನ್ನು ಬಿಟ್ಟ. ಮೊಳಕಾಲ್ಮೂರಿನ ಸೀರೆ ನೇಯುವವರಿಂದ ರೇಷ್ಮೆ ನೂಲು ತರಿಸಿ ರಾಟೆಯಲ್ಲಿ ಸುತ್ತಿಕೊಡುವ ಕೆಲಸ ಹಿಡಿದ. ಗಾಲಿಕುರ್ಚಿ ಬಂತು. ತಮಾಷೆಯೂ ಸ್ವಲ್ಪ ಸ್ವಲ್ಪ ಹಿಂದಿರುಗಿತು. ಎಡಗೈ ಎತ್ತಿ ಬಂದವರಿಗೆ ತೋರಿಸುತ್ತಿದ್ದ. ನೋಡ್ರಿ, ನಮ್ಮ ಮಾವ ಕಟ್ಟಿದ್ದು, ಕೂದಲೆಳೆಯಷ್ಟೂ ಸೊಟ್ಟ ಇಲ್ಲ ಎನ್ನುತ್ತಿದ್ದ. ಅದು ಅವನು ಕೂಗಿದ ಕೈ. ಸರಿಯಾಗಿಯೇ ಕೂಡಿತ್ತು.

ನಾನು ಕಟ್ಟುವುದನ್ನು ಬಿಟ್ಟೆ. ಅಳಿಯನ ದುಃಖಕ್ಕೆ ವಿದ್ಯೆಯನ್ನೇ ಬಿಟ್ಟ ಎಂದು ಜನ ಹೊಗಳಿದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಯಾರಾದರೂ ಬಂದರೆ ಕಾಲಿನ ಬೆರಳು ಆಡಿಸು ಎನ್ನುತ್ತಿದ್ದೆ. ಆಡಿಸಲಾರದವರನ್ನು, ಬೆನ್ನು ಕತ್ತು ನೋವು ಎನ್ನುವವರನ್ನು ಅಲುಗಾಡಲು ಬಿಡದೆ ಬಾಗಿಲ ಹಲಗೆ ಕೊಟ್ಟು ಮಲಗಿಸಿಯೇ ಕಳಿಸುತ್ತಿದ್ದೆ. ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಇವತ್ತಿಗೂ ಹಳೆಯ ಹಲಗೆ ಇಲ್ಲ. ಹಾಗೆ ಕೊಟ್ಟ ಹಲಗೆಗಳೆಲ್ಲ ಹಿಂದಿರುಗಿ ಬರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅಕ್ಕ ಹಾಸಿಗೆ ಹಿಡಿದಳು. ಅವಳ ಸೇವೆಯನ್ನೂ ಮಗಳೇ ಮಾಡಿದಳು. ಕೊನೆಗೆ ಒಂದು ಸಂಜೆ, ಮಾತು ಇನ್ನೂ ತಿಳಿಯುವ ಹಾಗಿದ್ದಾಗ, ಅಕ್ಕ ಸೊಸೆಯ ಕೈ ಹಿಡಿದುಕೊಂಡಳು. ನಾನು ಹಾಲಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಆ ಜೀಪಿನ ವಿಷ್ಯ ನಾನು ಮರ್ತೀನಿ ಕಣವ್ವಾ. ನಿನ್ ಮ್ಯಾಲೆ ಏನೂ ಇಟ್ಕಂಡಿಲ್ಲ. ನೀನೂ ಮರ್ತುಬಿಡು" ಅಂದಳು.

"ಆಗ್ಲಿ ಅತ್ತೆ" ಅಂದಳು ಮಗಳು.

ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಅವಳು ತಲೆ ತಗ್ಗಿಸಿ ತೆಗೆದುಕೊಂಡಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಸಾಯುವವಳಿಗೆ ಯಾಕೆ ಸಂಕಟ ಎಂದುಕೊಂಡೆ. ಅದೂ ನನ್ನ ಸುಳ್ಳಿಗೆ ನಾನು ಕಟ್ಟಿದ ಇನ್ನೊಂದು ದಬ್ಬೆ. ನನಗೆ ಅಕ್ಕನ ಭಯವಿತ್ತು, ಅಷ್ಟೇ. ಲೋಟದ ಹಾಲು ಕೆನೆಗಟ್ಟುವವರೆಗೆ ನಿಂತಿದ್ದೆ.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಅಳಿಯನ ಮಂಚದ ಹತ್ತಿರ ಕೂತು ಹೇಳಿದೆ. ತೊಡೆ ಎಳೆದದ್ದು, ಅವನು ಕೂಗದೇ ಇದ್ದದ್ದು, ಕೈಗೆ ಕೂಗಿದ್ದು, ಅಂಗಾಲು ಚುಚ್ಚಿದ್ದು, ಚಳ್ಳಕೆರೆಯಲ್ಲಿ ಹೇಳಿದ 'ಇವತ್ತು ಬೆಳಿಗ್ಗೆವರೆಗೂ' ಎಂಬ ಮಾತು, ಒಂದನ್ನೂ ಬಿಡದೆ. ಅವನು ರಾಟೆಯ ಮೇಲೆ ಕೈಯಿಟ್ಟು ಕೇಳಿದ. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವ್ವ ಇದ್ದಾಗ ಹೇಳ್ಬೇಕಿತ್ತು ಮಾವ" ಅಂದ.

ಮತ್ತೆ ಸ್ವಲ್ಪ ಹೊತ್ತಿಗೆ, ನನಗೋ ತನಗೋ ತಿಳಿಯದ ಹಾಗೆ, "ನಾನೂ ಒಂದ್ಸಲ ಅವಳ್ಗೆ ಅಂದಿದೀನಿ. ನಿನ್ನಿಂದ್ಲೇ ಹಿಂಗಾಯ್ತು ಅಂತ" ಅಂದ. ಆಮೇಲೆ ಅವಳನ್ನು ಕರೆ ಎಂದ. ಕರೆದೆ. ನೀನು ಹೊರಗಿರು ಎಂದ. ನಾನು ಜಗುಲಿಗೆ ಬಂದು, ಅವನನ್ನು ಒರಗಿಸಿ ಕೂರಿಸಿದ್ದ ಅದೇ ಕಂಬದ ಹತ್ತಿರ ಕೂತೆ. ಒಳಗೆ ಅವನು ಏನು ಹೇಳಿದನೋ, ಅವಳು ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದದ್ದೂ ಅಲ್ಲ. ಒಮ್ಮೆ ಅವಳು ಅತ್ತ ದನಿ ಕೇಳಿಸಿತು. ಅಷ್ಟು ವರ್ಷದಲ್ಲಿ ನಾನು ಕೇಳಿದ ಮೊದಲ ಅಳು ಅದು.

ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಅವಳು ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿದ್ದವು. ನನ್ನನ್ನು ನೋಡಿದಳು, ನಾನು ಏನಾದರೂ ಹೇಳಬೇಕೇನೋ ಎಂದು ಎದ್ದು ನಿಂತೆ.

"ಭುಜ ಹಿಡ್ಕೋ ಬಾ ಅಪ್ಪ" ಅಂದಳು.

ಹೋಗಿ ಭುಜ ಹಿಡಿದೆ. ಅವಳು ಸೊಂಟ ಹಿಡಿದಳು. ಹ್ಞೂಂ ಅಂದಳು. ಹೊರಳಿಸಿದೆವು. ಕೈ ಕೆಲಸ ಮಾಡುವಾಗ ಮುಖ ನೋಡಬೇಕು ಎಂಬ ಅಪ್ಪನ ಅಭ್ಯಾಸ ನನ್ನ ಕಣ್ಣಿನಿಂದ ಹೋಗಿಲ್ಲ. ನೋಡಿದೆ. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

ಆಮೇಲೂ ಎಷ್ಟೋ ವರ್ಷ ನಾನೂ ಮಗಳೂ ಹಾಗೆಯೇ ಅವನ ಮಗ್ಗುಲು ಬದಲಿಸಿದ್ದೇವೆ. ಅವನು ನನ್ನೊಡನೆ ಮಾತಾಡುತ್ತಾನೆ, ಊಟ ಆಯಿತಾ ಎಂದು ಕೇಳುತ್ತಾನೆ. ಬಂದವರಿಗೆ ಎಡಗೈ ಎತ್ತಿ ತೋರಿಸುವುದನ್ನು ಮಾತ್ರ ಬಿಟ್ಟಿದ್ದಾನೆ.